ತಲೆ ತೆಗೆಸಿದ ಚಪ್ಪಡಿ

ಹೈದರಾಬಾದ್
3 ಜುಲೈ 2023

ಅಮ್ಮೀಗೆ ಸಲಾಂ.

ಬಕ್ರೀದ್ ಊಟ ಬಿಟ್ಟು ಎದ್ದು ಬಂದವಳು ಫೋನಾದರೂ ಮಾಡುತ್ತಾಳೆ ಅಂತ ಕಾದಿರುತ್ತೀಯ. ಮಾಡುವುದಿಲ್ಲ. ಫೋನಿನಲ್ಲಿ ನಾನು ಒಂದು ಅಂದರೆ ನೀನು ಎರಡು ಅನ್ನುತ್ತೀಯ, ಕೊನೆಗೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನಿನಗೆ ಅಡ್ಡಬಾಯಿ ಹಾಕಲು ಆಗುವುದಿಲ್ಲ. ಉರ್ದು ನನಗೆ ಮಾತಾಡಲು ಬರುತ್ತದೆಯೇ ಹೊರತು ಬರೆಯಲು ಬರುವುದಿಲ್ಲ. ಇಬ್ಬರೂ ಶಾಲೆಯಲ್ಲಿ ಕಲಿತದ್ದು ಕನ್ನಡ, ಜಗಳವೂ ಕನ್ನಡದಲ್ಲೇ ಆಗಲಿ.

ನಾನು ಯಾಕೆ ಹಾಗೆ ಕಿರುಚಿದೆ ಅಂತ ನಿನಗೆ ಇನ್ನೂ ಗೊತ್ತಾಗಿಲ್ಲ. ಅವತ್ತು ಹೊಸ ನಮಾಜಿನ ಕೋಣೆಯಲ್ಲಿ ನೀನು ನಮಾಜಿಗೆ ಹಾಸಿದ್ದ ಜಾನಮಾಜ್ ಸರಿಸಿ ನೆಲ ಒರೆಸಿದೆ. ಒದ್ದೆಯಾದ ಚಪ್ಪಡಿಯಲ್ಲಿ ಕಂದು ಬಣ್ಣದ ಮೂಳೆಗಳು ಒಂದೊಂದಾಗಿ ಎದ್ದು ಬಂದವು. ಉದ್ದನೆಯ ಬಾಲ, ಸಣ್ಣ ಕಾಲು, ಆಮೇಲೆ ದೇಹಕ್ಕಿಂತ ಉದ್ದವಾದ ಒಂದೇ ಒಂದು ಬೆರಳು. ಆ ಬೆರಳು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಕತ್ತಿನ ಮೂಳೆಗಳ ಜಾಡು ಹಿಡಿದು ಮೇಲೆ ಹೋದರೆ ತಲೆ ಇರಬೇಕಾದ ಜಾಗದಲ್ಲಿ ತಟ್ಟೆಯಷ್ಟು ಅಗಲದ ತಗ್ಗು. ಗ್ರೈಂಡರ್ ಚಕ್ರದ ಗೀರುಗಳು ಇನ್ನೂ ಹೊಸದಾಗಿದ್ದವು. "ಯಾರು ಇದನ್ನು ಮಾಡಿದ್ದು" ಅಂತ ಕೇಳಿದರೆ, ನೀನು ಬಿರಿಯಾನಿ ಬಡಿಸುತ್ತಾ, "ನಾನೇ ಮಾಡಿಸಿದೆ, ಅಸಹ್ಯವಾಗಿತ್ತು" ಅಂದೆ. ನಾನು ತಟ್ಟೆ ಸರಿಸಿ ಎದ್ದೆ.

ಅದು ಹಾರುವ ಸರೀಸೃಪ ಅಮ್ಮೀ. ಹಕ್ಕಿಯಲ್ಲ, ಬಾವಲಿಯಲ್ಲ, ಹಲ್ಲಿಯಂತೂ ಅಲ್ಲ. ಬಾವಲಿಯ ರೆಕ್ಕೆ ನಾಲ್ಕು ಬೆರಳಿನ ಮೇಲೆ ನಿಲ್ಲುತ್ತದೆ, ಇದರದ್ದು ಒಂದೇ ಬೆರಳಿನ ಮೇಲೆ. ಹದಿನೇಳು ಕೋಟಿ ವರ್ಷದ ಹಿಂದೆ ಗೋದಾವರಿಯ ಆಚೆ ಒಂದು ಕೆರೆಯಲ್ಲಿ ಬಿದ್ದು ಸತ್ತದ್ದು. ಕೆರೆಯ ಕೆಸರು ಸುಣ್ಣಕಲ್ಲಾಗಿ, ಆ ಕಲ್ಲು ಚಪ್ಪಡಿಯಾಗಿ, ಲಾರಿ ಹತ್ತಿ ಶಿರಾ ಹೈವೇ ಪಕ್ಕದ ಕಲ್ಲಿನ ಅಂಗಡಿಗೆ ಬಂದಿದೆ. ನಮ್ಮ ಮಧುಗಿರಿ ಬೆಟ್ಟದ ಕಲ್ಲಿನಲ್ಲಿ ಹುಡುಕಿದರೆ ಇಂಥದ್ದು ಎಂದೂ ಸಿಗುವುದಿಲ್ಲ, ಮೂಳೆ ಅನ್ನುವುದು ಹುಟ್ಟುವ ಮೊದಲೇ ಆ ಕಲ್ಲು ಹುಟ್ಟಿತ್ತು. ನಾನು ವರ್ಷಗಟ್ಟಲೆ ಆ ಗೋದಾವರಿ ಸೀಮೆಯ ಬಿಸಿಲಲ್ಲಿ ಕಲ್ಲು ಒಡೆದು ಕಂಡದ್ದು ಮೀನಿನ ಹುರುಪೆ ಮತ್ತು ಮೊಸಳೆ ಹಲ್ಲು. ನನ್ನ ಪಿಎಚ್‌ಡಿ ಯಾವುದರ ಮೇಲೆ ನಿಲ್ಲಬೇಕಿತ್ತೋ ಅದು ನಿನ್ನ ಜಾನಮಾಜಿನ ಅಡಿಯಲ್ಲಿತ್ತು.

ಇಂಥ ಪ್ರಾಣಿ ಯಾವ ಕುಲದ್ದು, ಯಾವ ಜಾತಿಯದ್ದು ಎಂದು ಹೇಳುವುದು ತಲೆಯಿಂದ. ದವಡೆ ಹೇಗಿದೆ, ಹಲ್ಲು ಮುಂದಕ್ಕೆ ಬಾಗಿದೆಯೋ ನೆಟ್ಟಗಿದೆಯೋ, ಕಣ್ಣಿನ ಮುಂದಿನ ತೂತು ಎಷ್ಟು ದೊಡ್ಡದು. ಉಳಿದದ್ದೆಲ್ಲ ಇದ್ದು ತಲೆ ಇಲ್ಲದಿದ್ದರೆ ಹೆಸರಿಡಲು ಆಗುವುದಿಲ್ಲ. ನೀನು ಅದನ್ನೇ ಹುಡುಕಿ ತೆಗೆಸಿದ್ದೀಯ. ನನಗೆ ನಮ್ಮ ಮನೆಯ ಮೇಲೆ, ಆ ಗ್ರೈಂಡರ್ ಮೇಲೆ, ಮುಖ ಸಿಂಡರಿಸಿಕೊಂಡು ನಿಂತಿದ್ದ ನಿನ್ನ ಮೇಲೆ ಹೇಸಿಗೆಯಾಗಿದೆ. ಇನ್ನು ಮೇಲೆ ಆ ಚಪ್ಪಡಿಯನ್ನು ಯಾರೂ ಮುಟ್ಟಬೇಡಿ, ಅದರ ಮೇಲೆ ನೀರು ಹಾಕಬೇಡಿ.

ಐಮನ್


ಶಿರಾ
15 ಜುಲೈ 2023

ಐಮನ್‌ಗೆ ಅಮ್ಮಿಯ ದುವಾ.

ನಿನ್ನ ಕಾಗದ ಬಂತು. ಅಬ್ಬಾ ಓದುತ್ತೇನೆ ಅಂದರು, ಕೊಡಲಿಲ್ಲ. ಹೆತ್ತ ತಾಯಿಗೆ ಹೇಸಿಗೆ ಅಂತ ಬರೆದದ್ದನ್ನು ಅವರು ಯಾಕೆ ಓದಬೇಕು.

ಹೇಸಿಗೆಯ ಮಾತು ನೀನೇ ತೆಗೆದಿದ್ದೀಯ, ನನ್ನದನ್ನೂ ಕೇಳು. ಕೋಣೆಗೆ ಆ ಕಲ್ಲು ತಂದದ್ದು ಅಬ್ಬಾ, ತಂಪಾಗಿರುತ್ತದೆ ಅಂತ. ಒಣಗಿದ್ದಾಗ ಬರೀ ಕಲೆ ಇದ್ದ ಹಾಗೆ ಕಾಣುತ್ತಿತ್ತು. ಹಾಸಿ ಮುಗಿದ ಮೇಲೆ ತೊಳೆದೆ ನೋಡು, ಆಗ ಅದು ಬಾಯಿ ಕಿಸಿದುಕೊಂಡು ಎದ್ದಿತು. ಸರಿಯಾಗಿ ನಾನು ಸಜ್ದಾದಲ್ಲಿ ಹಣೆ ಇಡುವ ಜಾಗ. ಮೇಲೆ ಚಾಪೆ ಹಾಸಿದೆ, ಅದರ ಮೇಲೆ ಜಾನಮಾಜ್ ಹಾಸಿದೆ, ಆದರೂ ಹಣೆ ಬಗ್ಗಿಸಿದರೆ ಕೆಳಗಿನಿಂದ ಅದು ನನ್ನ ಹಣೆಗೆ ಹಲ್ಲು ತಾಗಿಸುತ್ತಿದೆ ಅನ್ನಿಸುತ್ತಿತ್ತು. ಬೆಳಗಿನ ಫಜರ್ ನಮಾಜಿನಲ್ಲಿ ವಾಕರಿಕೆ ಬಂದು ಎದ್ದು ಹೋಗಿದ್ದೇನೆ. ಹಲ್ಲಿ ಕಂಡರೆ ನನಗೆ ಮೈಯೆಲ್ಲ ಜುಂ ಅನ್ನುತ್ತದೆ ಅಂತ ನಿನಗೆ ಗೊತ್ತಿಲ್ಲವೇ.

ಯಾರೋ ಕಲ್ಲಿನ ಮೇಲೆ ಬಿಡಿಸಿದ ಚಿತ್ರ ಅಂತಲೇ ನಾನು ತಿಳಿದದ್ದು. ನಮಾಜಿನ ಜಾಗದಲ್ಲಿ ಜೀವ ಇರುವುದರ ಚಿತ್ರ ಇರಬಾರದು. ನಮ್ಮ ನಾನಿ ನಮಗೆ ಗೊಂಬೆ ಕೊಡಿಸಿದರೆ ಮೊದಲು ಅದರ ತಲೆ ಮುರಿದು ಆಮೇಲೆ ಆಡಲು ಕೊಡುತ್ತಿದ್ದರು, ತಲೆ ಇಲ್ಲದ್ದು ಚಿತ್ರವಲ್ಲ ಅನ್ನುತ್ತಿದ್ದರು. ಇಡೀ ಚಪ್ಪಡಿ ಕಿತ್ತರೆ ಪಕ್ಕದ್ದೂ ಒಡೆಯುತ್ತದೆ. ಅದಕ್ಕೆ ತಲೆ ಮಾತ್ರ ತೆಗೆಸಿದೆ.

ಕಲ್ಲು ಹಾಸಿದ ಕದಿರಯ್ಯನನ್ನೇ ಕರೆಸಿದೆ, ಪಾವಗಡದ ಕಡೆಯವನು. ಅವನು ಕೂತು ನೋಡಿ, "ಬಲ್ಲಿ ಇದ್ದಂಗೈತಲ್ಲಮ್ಮ" ಅಂದ. ಅವರ ಕಡೆ ಹಲ್ಲಿಗೆ ಬಲ್ಲಿ ಅನ್ನುತ್ತಾರೆ. "ದೇವ್ರು ಗೀವ್ರು ಏನಾರ ಆದಾತು, ನಂಗ್ಯಾಕೆ ಬೇಕು, ನಾನ್ ಮುಟ್ಟಕಿಲ್ಲ" ಅಂತ ಎದ್ದ. "ದೇವರ ಕೋಣೆಯಲ್ಲಿ ಹಲ್ಲಿಗೇನು ಕೆಲಸ, ತಲೆ ಒಂದು ತೆಗೆದು ಕೊಡು" ಅಂದೆ. "ನೀನ್ ಯೋಳ್ದೆ ಅಂತ ತೆಗೀತೀನಿ ಕಣಮ್ಮ, ಪಾಪ ಬಂದ್ರೆ ನಿಂಗೇಯ" ಅಂದು ಮಷಿನ್ ಹಚ್ಚಿದ. ಕೋಣೆ ತುಂಬ ಬಿಳಿ ಧೂಳು, ಸುಟ್ಟ ಕೂದಲಿನ ವಾಸನೆ. ಅವತ್ತು ರಾತ್ರಿ ಊಟ ಬೇಡವಾಯಿತು.

ನಿನ್ನ ಓದಿಗೆ ಬೇಕಾದದ್ದು ಅಂತ ಅದರ ಹಣೆಯ ಮೇಲೆ ಬರೆದಿರಲಿಲ್ಲ. ಈಗ ಗೊತ್ತಾಯಿತು, ತೆಗೆದುಕೊಂಡು ಹೋಗು. ಆದರೆ ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಂದು ತೆಗೆದುಕೊಂಡು ಹೋಗು. ಅರ್ಧಕ್ಕೆ ಬಿಟ್ಟು ಹೋದ ಊಟವನ್ನೂ ಮುಗಿಸು.

ಅಮ್ಮಿ, ಶಹರ್ಬಾನು


ಹೈದರಾಬಾದ್
2 ಸೆಪ್ಟೆಂಬರ್ 2023

ಅಮ್ಮೀಗೆ ಸಲಾಂ.

ಚಪ್ಪಡಿ ಒಡೆಯದೆ ಬಂತು. ನೀನು ಅದಕ್ಕೆ ಸುತ್ತಿ ಕೊಟ್ಟ ಹಳೆಯ ರಜಾಯಿ ಇಲ್ಲಿ ಎಲ್ಲರಿಗೂ ತಮಾಷೆಯಾಯಿತು, ಆದರೆ ಅದರಿಂದಲೇ ಉಳಿಯಿತು. ಹೊರಡುವಾಗ ನೀನು ಮೂಗಿಗೆ ದುಪಟ್ಟಾ ಹಿಡಿದುಕೊಂಡೇ ಅದನ್ನು ಗಾಡಿಗೆ ಹತ್ತಿಸಲು ಕೈಕೊಟ್ಟೆ. ಹದಿನೇಳು ಕೋಟಿ ವರ್ಷದ ಹೆಣ ನಾರುವುದಿಲ್ಲ ಅಂದರೂ ನೀನು ಕೇಳಲಿಲ್ಲ.

ಈಗ ದಿನವಿಡೀ ಕೆಲಸ ಅದರದ್ದೇ. ಭೂತಗನ್ನಡಿಯ ಕೆಳಗೆ ಸೂಜಿ ಹಿಡಿದು ಮೂಳೆಯ ಸುತ್ತಲಿನ ಕಲ್ಲನ್ನು ಕೆರೆದು ತೆಗೆಯುತ್ತೇನೆ, ಸಂಜೆಯ ಹೊತ್ತಿಗೆ ಉಗುರಿನಷ್ಟು ಜಾಗ ಮುಗಿದಿರುತ್ತದೆ. ಬಾಲದ ಮೂಳೆಗಳ ಸುತ್ತ ಸಣ್ಣ ಕಡ್ಡಿಗಳ ಕಟ್ಟು ಇದೆ, ಬಾಲ ಬಾಗದೆ ನೆಟ್ಟಗೆ ನಿಲ್ಲಲಿ ಅಂತ. ಅಂಗೈ ಮೂಳೆ ಗಿಡ್ಡ, ಕಾಲಿನ ಕಿರುಬೆರಳು ಉದ್ದ. ಇವೆಲ್ಲ ಸೇರಿದರೆ ಉದ್ದ ಬಾಲದ ಹಳೆಯ ಗುಂಪು ಅಂತ ಧೈರ್ಯವಾಗಿ ಹೇಳಬಹುದು. ಆ ಗುಂಪಿನೊಳಗೆ ಯಾವ ಕುಲ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ.

ನನ್ನ ಗೈಡ್ ಪ್ರೊಫೆಸರ್ ಮಲ್ಲಿಕಾರ್ಜುನಯ್ಯನವರು ಕೊರಟಗೆರೆಯವರು ಅಂತ ಹೇಳಿದ್ದೆನಲ್ಲ. ಇಷ್ಟು ದಿನ ನನ್ನ ಹೆಸರನ್ನೂ ಸರಿಯಾಗಿ ಕರೆಯದವರು ಈಗ ಟೀ ತರಿಸಿ ಕೊಡುತ್ತಾರೆ. "ಇದು ಹೊಸ ಕುಲ ಕಣಮ್ಮ, ನನ್ನ ಕಣ್ಣು ಸುಳ್ಳು ಹೇಳಲ್ಲ. ತಲೆ ಒಂದಿದ್ದಿದ್ರೆ ಪ್ರಪಂಚಾನೇ ತಿರುಗಿ ನೋಡೋದು" ಅನ್ನುತ್ತಾರೆ. ಕೋಣೆ ಹೊಸದಾದಾಗ ಅಬ್ಬಾ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರಂತಲ್ಲ. ಅದರಲ್ಲಿ ತಲೆ ಬಿದ್ದಿದೆಯೇ ನೋಡಿ ಕಳಿಸು.

ಜುಲೈ ಕಾಗದದಲ್ಲಿ ನಾನು ಬರೆದದ್ದು ಹೆಚ್ಚಾಯಿತು.

ಐಮನ್


ಶಿರಾ
20 ಸೆಪ್ಟೆಂಬರ್ 2023

ಐಮನ್‌ಗೆ ದುವಾ.

ಫೋಟೋ ಅಬ್ಬಾ ನಿನ್ನ ಮೊಬೈಲಿಗೆ ಹಾಕಿದ್ದಾರೆ. ನೋಡಿರುತ್ತೀಯ. ಗೋಡೆ ಚೆನ್ನಾಗಿ ಬಿದ್ದಿದೆ, ಕಿಟಕಿ ಚೆನ್ನಾಗಿ ಬಿದ್ದಿದೆ. ನಿನಗೆ ಬೇಕಾದ ಮೂಲೆಯಲ್ಲಿ ಬಕೆಟ್ಟಿನ ನೆರಳು, ಅದರೊಳಗೆ ಕಂದು ಬಣ್ಣದ ಒಂದು ಕಲೆ. ಅದನ್ನು ತಲೆ ಅಂದರೆ ತಲೆ, ಸಗಣಿ ಅಂದರೆ ಸಗಣಿ.

ಚಪ್ಪಡಿ ಹೋದರೂ ನನಗೆ ನೆಮ್ಮದಿಯಿಲ್ಲ. ಯಾರೋ ಊರಿಗೆಲ್ಲ ಹೇಳಿ, ಆ ಖಾಲಿ ಜಾಗ ನೋಡಲು ಜನ ಬರುತ್ತಾರೆ. ಹುಲಿಕುಂಟೆಯಿಂದ ಬೈಕಿನಲ್ಲಿ ಬಂದವರೊಬ್ಬರು ಚಪ್ಪಲಿ ಹಾಕಿಕೊಂಡೇ ನಮಾಜಿನ ಕೋಣೆಗೆ ನುಗ್ಗಿ ಸೆಲ್ಫಿ ತೆಗೆದುಕೊಂಡರು. ಇನ್ನೊಬ್ಬ ಅದು ಗರುಡ ಅಂದ, ಮತ್ತೊಬ್ಬ ಜಿನ್ನು ಅಂದ, ಇಬ್ಬರೂ ನನ್ನ ಮನೆಯ ಟೀ ಕುಡಿದೇ ಜಗಳವಾಡಿದರು. ಪಕ್ಕದ ಮನೆ ಹನುಮಕ್ಕ ಪೊರಕೆ ಹಿಡಿದು ಬಂದು, "ಎದ್ದೋಗ್ರಲಾ, ಗುಂಡಿ ನೋಡಕೆ ಬಂದವ್ರೆ, ನಿಮ್ಮನೇಲಿ ಗುಂಡಿ ಇಲ್ವೇನ್ರಲಾ" ಅಂತ ಅಟ್ಟಿದಳು. ಎಂಥ ಜನ. ಅವರು ಕುಡಿದ ಲೋಟ ಬಿಸಿನೀರಿನಲ್ಲಿ ತೊಳೆದು ಬೇರೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಅಬ್ಬಾ ಮಸೀದಿಗೆ ಹೋಗಿ, ಧರ್ಮ ಓದಿಕೊಂಡ ಹಜರತ್‌ರೊಬ್ಬರನ್ನು ಕೇಳಿಕೊಂಡು ಬಂದರು. ಅದು ಚಿತ್ರವಲ್ಲ, ಚಿತ್ರ ಅಂದರೆ ಮನುಷ್ಯ ಬಿಡಿಸಿದ್ದು, ಇದು ಅಲ್ಲಾಹ್ ಮಾಡಿದ ಪ್ರಾಣಿಯ ಮೂಳೆ, ಮೂಳೆಗೆ ಆ ನಿಯಮವಿಲ್ಲ ಅಂದರಂತೆ. ಬೇಡವಾಗಿದ್ದರೆ ಜಾನಮಾಜನ್ನು ಪಕ್ಕಕ್ಕೆ ಹಾಸಿಕೊಂಡಿದ್ದರೆ ಸಾಕಿತ್ತಂತೆ. ನಾನು ಕೇಳಿಸಿಕೊಂಡು ಕಡಲೆಕಾಯಿ ಬಿಡಿಸುತ್ತಾ ಕೂತೆ. ಅದರ ಮೇಲಿನ ಅಸಹ್ಯ ಹೋಗಿಲ್ಲ, ಆದರೆ ತಪ್ಪು ಮಾಡಿದೆ ಅನ್ನುವುದು ಗೊತ್ತಾಯಿತು.

ಅಮ್ಮಿ


ಹೈದರಾಬಾದ್
11 ಜನವರಿ 2024

ಅಮ್ಮೀಗೆ ಸಲಾಂ.

ಇದನ್ನು ನಿಧಾನವಾಗಿ ಓದು. ಓದಿದ ಕೂಡಲೇ ಬಯ್ಯಲು ಕೂರಬೇಡ.

ಹೊಸ ವರ್ಷದ ರಜೆ ಮುಗಿಸಿ ಲ್ಯಾಬಿಗೆ ಹೋದರೆ ಚಪ್ಪಡಿಗೆ ತಲೆ ಬಂದಿದೆ. ನಾನು ತಮಾಷೆ ಮಾಡುತ್ತಿಲ್ಲ. ಗ್ರೈಂಡರ್ ಉಜ್ಜಿದ ತಗ್ಗಿನಲ್ಲಿ ಉದ್ದನೆಯ ದವಡೆ, ಗುಂಡನೆಯ ಕಣ್ಣು, ಸಾಲಾಗಿ ಹಲ್ಲು. ಅದೇ ಚಪ್ಪಡಿಯ ಅಂಚು ಕುಟ್ಟಿ ಪುಡಿ ಮಾಡಿ, ಅಂಟಿನಲ್ಲಿ ಕಲಸಿ, ಮೂಳೆಯ ಬಣ್ಣ ಕೊಟ್ಟು ಮಾಡಿಸಿದ್ದಾರೆ. ಹಲ್ಲುಗಳು ಮಾತ್ರ ನಿಜವಾದವು. ನಾನೇ ಗೋದಾವರಿ ಕಡೆಯಿಂದ ಹೆಕ್ಕಿ ತಂದು ಡಬ್ಬಿಯಲ್ಲಿ ಇಟ್ಟಿದ್ದ ಮರಿ ಮೊಸಳೆಗಳ ಹಲ್ಲು. ಇದರ ಬಾಯಿಗೆ ಮೊಸಳೆ ಹಲ್ಲು ಚುಚ್ಚಿದ್ದಾರೆ ಅಮ್ಮೀ. ನೋಡಿದ ತಕ್ಷಣ ಬಚ್ಚಲಿಗೆ ಓಡಿದೆ.

ಪ್ರೊಫೆಸರ್ ನಗುತ್ತಾ ಬಂದರು. "ಫೋಟೋ ಐತಲ್ಲಮ್ಮ, ಅದ್ರಲ್ಲಿ ಇದ್ದಂಗೇ ಕೂರ್ಸಿರೋದು. ಇಲ್ದೆ ಇರೋದ್ನ ಏನ್ ತಂದಿಲ್ಲ, ಇದ್ದದ್ನ ವಾಪಸ್ ಇಟ್ಟಿದೀವಿ ಅಷ್ಟೇಯ. ನಿಮ್ಮನೇವ್ರು ಕಳದದ್ನ ನಾನು ಹುಡುಕ್ಕೊಟ್ಟಿದೀನಿ ಅನ್ಕೋ" ಅಂದರು. ಆ ಬಕೆಟ್ಟಿನ ನೆರಳಿನ ಫೋಟೋ. 

ಲೇಖನ ಸಿದ್ಧವಾಗಿದೆ. ಹೊಸ ಕುಲ, ಹೊಸ ಜಾತಿ. ಮೊದಲ ಹೆಸರು ನನ್ನದು, ಎರಡನೆಯದು ಅವರದು. ಜಾತಿಗೆ ನಿನ್ನ ಹೆಸರನ್ನೇ ಇಟ್ಟಿದ್ದಾರೆ, ಚಪ್ಪಡಿ ಕೊಟ್ಟವಳು ಅಂತ. ಪ್ರಪಂಚ ಇರುವವರೆಗೆ ಆ ಪ್ರಾಣಿಯನ್ನು ಶಹರ್ಬಾನು ಅಂತ ಕರೆಯುತ್ತಾರೆ. ಅದಕ್ಕೆ ನಿನ್ನಿಂದ ಒಂದು ಹೇಳಿಕೆ ಬೇಕಂತೆ, ನೀನು ಕೊಟ್ಟಾಗ ಚಪ್ಪಡಿಯ ಮೇಲೆ ತಲೆ ಇತ್ತು ಅಂತ. ಬರೆದದ್ದನ್ನು ಇದರ ಜೊತೆ ಕಳಿಸಿದ್ದೇನೆ.

ಅಮ್ಮೀ, ನನ್ನ ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ. ಈ ಲೇಖನವಿಲ್ಲದೆ ನನಗೆ ಪಿಎಚ್‌ಡಿ ಇಲ್ಲ. ಮೀನಿನ ಹುರುಪೆ ಹಿಡಿದುಕೊಂಡು ನಾನು ಯಾವ ಕಾಲೇಜಿನ ಬಾಗಿಲಿಗೆ ಹೋಗಲಿ. ತಲೆ ಇತ್ತು ಅನ್ನುವುದು ಸುಳ್ಳೇನಲ್ಲ, ಇತ್ತು. ನೀನು ತೆಗೆಸಿದೆ ಅನ್ನುವುದೊಂದನ್ನು ಬಿಟ್ಟರೆ ಸಾಕು. ನನಗೂ ಇದು ಸೇರುವುದಿಲ್ಲ. ಆದರೂ ಸಹಿ ಹಾಕು.

ಐಮನ್


ಶಿರಾ
19 ಜನವರಿ 2024

ಐಮನ್,

ನಿಧಾನವಾಗಿಯೇ ಓದಿದೆ. ಹಾಕುವುದಿಲ್ಲ.

ಆ ಪ್ರೊಫೆಸರ್ ಹೇಸಿಗೆ ಮನುಷ್ಯ, ಅವನ ಮಾತು ಬಿಡು. ನೀನು ಬಚ್ಚಲಿಗೆ ಓಡಿ ವಾಂತಿ ಮಾಡಿ ಬಾಯಿ ತೊಳೆದುಕೊಂಡು ಬಂದು, ಅದೇ ಕೈಯಲ್ಲಿ ನನಗೆ ಸಹಿ ಹಾಕು ಅಂತ ಬರೆಯುತ್ತೀಯಲ್ಲ, ಅದು ನನಗೆ ಅರ್ಥವಾಗಲಿಲ್ಲ. ಹೊಟ್ಟೆಗೆ ಗೊತ್ತಾದದ್ದು ನಿನ್ನ ತಲೆಗೆ ಗೊತ್ತಾಗಲಿಲ್ಲವೇ.

ನಾನು ಜೀವದ ಚಿತ್ರ ಅಂತ ಹೆದರಿ ಒಂದು ಮುಖ ತೆಗೆಸಿದೆ. ತಪ್ಪಾಯಿತು. ನಿನ್ನ ಪ್ರೊಫೆಸರ್ ಇಲ್ಲದ ಮುಖ ಮಾಡಿ ಕೂರಿಸಿದ್ದಾನೆ, ನನ್ನ ಹೆಸರು ಅದರ ಕೊರಳಿಗೆ ಕಟ್ಟುತ್ತಾನಂತೆ. ಮೊಸಳೆ ಹಲ್ಲಿನ ಹೆಸರು ನನಗೆ ಬೇಡ. ತೆಗೆಸಿದವಳು ನಾನು ಅಂತ ಹೇಳಲು ನನಗೆ ನಾಚಿಕೆಯಿಲ್ಲ, ನೀನೇನು ನಾಚಿಕೆ ಪಟ್ಟುಕೊಳ್ಳುವುದು.

ಅವನ ಹಾಳೆಯನ್ನು ವಾಪಸ್ ಕಳಿಸುವುದಿಲ್ಲ. ಒಲೆಗೆ ಹಾಕಿದೆ.

ಶಹರ್ಬಾನು


ಹೈದರಾಬಾದ್
6 ಫೆಬ್ರವರಿ 2024

ಅಮ್ಮೀ,

ಚಪ್ಪಡಿ ಸಿಕ್ಕಾಗ ಅದರಲ್ಲಿ ತಲೆ ಇತ್ತು, ನಾನೇ ಕಣ್ಣಾರೆ ನೋಡಿದ್ದೇನೆ ಅಂತ ನಾನು ಬರೆದು ಸಹಿ ಹಾಕಿದ್ದೇನೆ. ಲೇಖನ ಹೋಯಿತು. ಇನ್ನು ನಿನ್ನಿಂದ ಏನೂ ಬೇಕಾಗಿಲ್ಲ. ಕಾಗದವೂ ಬೇಡ.

ಐಮನ್


ಶಿರಾ
27 ಆಗಸ್ಟ್ 2024

ಐಮನ್‌ಗೆ ಅಮ್ಮಿಯ ದುವಾ.

ಬರೆಯಬೇಡ ಅಂದಿದ್ದೆ. ಇಷ್ಟು ತಿಂಗಳು ಬರೆಯಲಿಲ್ಲ. ಮೊನ್ನೆ ನಿಮ್ಮ ಸಂಸ್ಥೆಯ ವರಾಂಡದಲ್ಲಿ ನೀನು ಬೆಂಚಿನ ಮೇಲೆ ಕೂತಿದ್ದೆ, ನಾನು ನಿನ್ನ ಮುಂದೆಯೇ ಒಳಗೆ ಹೋಗಿ ಹೊರಗೆ ಬಂದೆ, ನೀನು ಮುಖ ಎತ್ತಲಿಲ್ಲ. ಒಳಗೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿರುತ್ತೀಯ. ಹೇಳಬೇಕಾದವಳು ನಾನು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಓದಿದ ಯಾರೋ ಹೊರದೇಶದವರು ಆ ಹಲ್ಲು ಮೊಸಳೆಯದ್ದು ಅಂತ ಬರೆದರಂತೆ, ಅದಕ್ಕೆ ವಿಚಾರಣೆ ಇಟ್ಟಿದ್ದೇವೆ, ಚಪ್ಪಡಿ ಕೊಟ್ಟವರು ಬಂದು ನೋಡಿ ಹೇಳಬೇಕು ಅಂತ ಸಂಸ್ಥೆಯಿಂದ ಕಾಗದ ಬಂತು. ಬರುವುದಿಲ್ಲ ಅನ್ನಬಹುದಿತ್ತು. ಅಬ್ಬಾ ಮೂರು ಹೊತ್ತೂ ನನ್ನ ಹಿಂದೆ ಸುತ್ತಿದರು. "ಇತ್ತು ಅಂತ ಒಂದು ಮಾತು ಹೇಳಿಬಿಡು, ಹುಡುಗಿಯ ಜೀವನ" ಅಂದರು. ನಿನ್ನ ಅಬ್ಬಾ ಯಾವತ್ತೂ ಯಾರನ್ನೂ ಏನನ್ನೂ ಬೇಡಿದವರಲ್ಲ. ರೈಲಿನಲ್ಲಿ ಕೂತಾಗ ನಾನೂ ಗಟ್ಟಿ ಮಾಡಿಕೊಂಡೆ. ಹೂಂ ಅಂದುಬಿಡುತ್ತೇನೆ, ಸುಳ್ಳಿನ ಗುನಾಹ್ ನನ್ನ ತಲೆಗೆ ಬರಲಿ, ಮಗಳಿಗೆ ಪಿಎಚ್‌ಡಿ ಬರಲಿ ಅಂದುಕೊಂಡೆ. ಇದನ್ನು ನೀನು ನಂಬಬೇಕು. ಹೂಂ ಅನ್ನಲಿಕ್ಕೇ ನಾನು ಅಲ್ಲಿಗೆ ಬಂದದ್ದು.

ಬಾಗಿಲಲ್ಲಿ ನಿನ್ನ ಪ್ರೊಫೆಸರ್ ನಿಂತಿದ್ದ. ಬಿಳಿ ಷರಟು, ಬಾಯಿ ತುಂಬ ಏಲಕ್ಕಿ. "ಬನ್ನಿ ಶಹರ್ಬಾನಮ್ಮ, ನಾವೆಲ್ಲ ಒಂದೇ ಕಡೆಯವ್ರು. ಜಾಸ್ತಿ ಮಾತು ಬ್ಯಾಡ, ಹೂಂ ಅಂದ್ಬುಡಿ ಸಾಕು, ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದ. ನನ್ನ ಮನಸ್ಸಿನಲ್ಲಿದ್ದ ಮಾತೇ ಅವನ ಬಾಯಿಂದ ಬಂದಾಗ ಹೊಲಸು ತುಳಿದ ಹಾಗಾಯಿತು. ಆದರೂ ತಲೆ ಆಡಿಸಿ ಒಳಗೆ ಹೋದೆ.

ಒಳಗೆ ವಿಚಾರಣೆಗೆ ಕೂತ ಇಬ್ಬರು ಗಂಡಸರು, ಒಬ್ಬಾಕೆ. ಮೇಜಿನ ಮೇಲೆ ದೊಡ್ಡ ದೀಪದ ಕೆಳಗೆ ಚಪ್ಪಡಿ. ನೀನು ಕೆರೆದು ಎತ್ತಿದ ಮೂಳೆಗಳು ಈಗ ಕೈಯಲ್ಲಿ ಹಿಡಿಯಬಹುದು ಅನ್ನುವ ಹಾಗೆ ನಿಂತಿದ್ದವು. ಆ ಒಂಟಿ ಬೆರಳು, ಆ ಬಾಲ. ಇಷ್ಟು ಕೆಲಸ ನೀನು ಒಬ್ಬಳೇ ಕೂತು ಮಾಡಿದ್ದೀಯ ಅಂತ ನನಗೆ ಆಗಲೇ ತಿಳಿದದ್ದು, ಹೆಮ್ಮೆಯಾಯಿತು. ಆಮೇಲೆ ತಲೆ ನೋಡಿದೆ.

ನನಗೆ ಅದರ ಮುಖ ಗೊತ್ತು ಐಮನ್. ಹಣೆಯ ಕೆಳಗೆ ಇಟ್ಟುಕೊಂಡು ಸಂಕಟಪಟ್ಟವಳು ನಾನು. ಅದರ ದವಡೆ ಒಂದು ಕಡೆ ಜಜ್ಜಿ ಹೋಗಿತ್ತು, ಬಾಯಿ ಓರೆಯಾಗಿ ತೆರೆದಿತ್ತು, ವಿಕಾರವಾಗಿತ್ತು. ಆದರೆ ಅದು ಅದರದ್ದೇ ಆಗಿತ್ತು. ಮೇಜಿನ ಮೇಲೆ ಇದ್ದದ್ದು ನುಣ್ಣಗೆ, ಚೆಂದಕ್ಕೆ, ಮದುವೆ ಮನೆಯ ಫೋಟೋದವನ ಮುಂದೆ ನಗುವವರ ಹಾಗೆ ನಗುತ್ತಿತ್ತು. ಅದರ ಬಾಯೊಳಗೆ ಬೇರೆ ಯಾವುದೋ ಪ್ರಾಣಿಯ ಹಲ್ಲು. ನಮ್ಮ ಮನೆಯಲ್ಲಿದ್ದಾಗ ಎಷ್ಟು ಅಸಹ್ಯವಾಗಿತ್ತೋ ಅದರ ನೂರು ಪಾಲು ಆಯಿತು. ಹೂಂ ಅನ್ನಲು ಬಾಯಿ ತೆರೆದೆ, ಹೊಟ್ಟೆಯೊಳಗಿಂದ ಓಕರಿಕೆ ಬಂತು. ಆಕೆ ನೀರು ಕೊಟ್ಟರು.

"ನೀವು ಕೊಟ್ಟಾಗ ಇದ್ದ ತಲೆ ಇದೇ ತಾನೇ" ಅಂತ ಕೇಳಿದರು. "ಅಲ್ಲ" ಅಂದೆ. "ಹೇಗೆ ಹೇಳುತ್ತೀರಿ, ಹಲ್ಲು ಹೇಗಿತ್ತು, ಎಷ್ಟಿತ್ತು" ಅಂದರು. "ನನಗೆ ಅದೆಲ್ಲ ಗೊತ್ತಿಲ್ಲ, ಅಸಹ್ಯಕ್ಕೆ ಹಲ್ಲು ಸರಿಯಾಗಿ ನೋಡಲಿಲ್ಲ. ನಾನು ಕೊಟ್ಟಾಗ ತಲೆಯೇ ಇರಲಿಲ್ಲ. ಅದಕ್ಕೆ ಮುಂಚೆಯೇ ನಾನು ತೆಗೆಸಿದ್ದೆ, ನಮಾಜಿನ ಕೋಣೆ ಅಂತ" ಅಂದೆ. ನನ್ನ ಹಿಂದೆಯೇ ಒಳಗೆ ಬಂದು ಕೂತಿದ್ದ ಪ್ರೊಫೆಸರ್ ಎದ್ದು ನಿಂತ. "ಹಂಗಾದ್ರೆ ನಿಮ್ಮ ಮಗಳು ಬರಕೊಟ್ಟಿರೋದು ಸುಳ್ಳಾ" ಅಂತ ನನ್ನನ್ನೇ ಕೇಳಿದ. ಅವನಿಗೆ ಗೊತ್ತಿತ್ತು ತಾಯಿ ಅಲ್ಲಿ ನಿಲ್ಲುತ್ತಾಳೆ ಅಂತ. ನಾನೂ ನಿಲ್ಲುತ್ತೇನೆ ಅಂದುಕೊಂಡೆ.

"ಹೌದು, ಸುಳ್ಳು" ಅಂದೆ.

ಆಚೆ ಬಂದಾಗ ನೀನು ಮುಖ ಎತ್ತಿದ್ದರೆ ಅಲ್ಲೇ ಹೇಳುತ್ತಿದ್ದೆ. ಅಬ್ಬಾ ವಾಪಸ್ ಬರುವಾಗ ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿ ಕೂತರು. ಮನೆಗೆ ಬಂದ ಮೇಲೂ ನನ್ನ ಕೈಯಿಂದ ಊಟ ಹಾಕಿಸಿಕೊಳ್ಳುತ್ತಿಲ್ಲ, ತಾವೇ ಬಡಿಸಿಕೊಳ್ಳುತ್ತಾರೆ. ನನಗೆ ನನ್ನ ಮೇಲೇ ವಾಕರಿಕೆ. ಆದರೂ ಇನ್ನೊಂದು ಸಲ ಕರೆದು ಕೇಳಿದರೆ ಅದನ್ನೇ ಹೇಳುತ್ತೇನೆ.

ಅಮ್ಮಿ


ಹೈದರಾಬಾದ್
14 ಅಕ್ಟೋಬರ್ 2024

ಅಮ್ಮೀಗೆ ಸಲಾಂ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತೆರೆಯದೆ ಇಟ್ಟಿದ್ದೆ, ಹೋದ ವಾರ ಓದಿದೆ.

ತೀರ್ಮಾನ ಬಂದಿದೆ. ಲೇಖನ ವಾಪಸ್ ತೆಗೆದರು. ಮಲ್ಲಿಕಾರ್ಜುನಯ್ಯನವರು ಇನ್ನು ಯಾರಿಗೂ ಗೈಡ್ ಆಗುವ ಹಾಗಿಲ್ಲ. ಅವರು ತಲೆ ಮಾಡಿಸಿದ್ದು ನನ್ನ ಒತ್ತಾಯಕ್ಕೆ, ತನ್ನ ಮನೆಯವರು ಹಾಳು ಮಾಡಿದ್ದನ್ನು ಮುಚ್ಚಲು ಅವಳೇ ಬೇಡಿಕೊಂಡಳು ಅಂತ ಬರೆದು ಕೊಟ್ಟಿದ್ದಾರೆ. ಓದಿ ನನಗೆ ಸಿಟ್ಟು ಬರಲಿಲ್ಲ, ಆ ಮನುಷ್ಯ ಕೊಡಿಸಿದ ಟೀ ಎಲ್ಲ ನೆನಪಾಗಿ ನಾಲಗೆ ಕಹಿಯಾಯಿತು. ನನ್ನ ಪಿಎಚ್‌ಡಿ ನೋಂದಣಿ ರದ್ದು. ಸುಳ್ಳು ಹೇಳಿಕೆ ಅಂತ ಕಾರಣ ಕೊಟ್ಟಿದ್ದಾರೆ. ಅದು ಸರಿಯಾಗಿಯೇ ಇದೆ.

ನೀನು ಒಳಗೆ ಹೋದಾಗ ನಾನು ವರಾಂಡದಲ್ಲಿ ಏನು ಯೋಚಿಸುತ್ತಿದ್ದೆ ಗೊತ್ತೇ? ತಾಯಲ್ಲವೇ, ಹೂಂ ಅಂದೇ ಅನ್ನುತ್ತಾಳೆ ಅಂತ ಕೂತಿದ್ದೆ. ನೀನು ಹೂಂ ಅಂದಿದ್ದರೆ ನಿನ್ನ ಮೇಲೆ ನನಗೆ ಎಂಥ ಹೇಸಿಗೆಯಾಗುತ್ತಿತ್ತು ಅಂತ ಹೋದ ವಾರ ಕಾಗದ ಓದುವಾಗ ಗೊತ್ತಾಯಿತು. ಹೊರಗೆ ಬಂದಾಗ ನಾನು ಮುಖ ಎತ್ತದಿದ್ದುದು ನಿನ್ನ ಮೇಲಿನ ಕೋಪಕ್ಕಲ್ಲ.

ಚಪ್ಪಡಿಯನ್ನು ಸಂಗ್ರಹಾಲಯಕ್ಕೆ ಸೇರಿಸುವ ಮುಂಚೆ ಆ ತಲೆ ತೆಗೆಯಬೇಕಿತ್ತು. ಮೂಳೆಗೆ ತಾಗದ ಹಾಗೆ ತೆಗೆಯಲು ಗೊತ್ತಿದ್ದವಳು ನಾನೊಬ್ಬಳೇ, ಕಡೆಯ ಕೆಲಸ ಅಂತ ನನಗೇ ಕೊಟ್ಟರು. ತೆಗೆದೆ. ಅದರ ಬಗ್ಗೆ ಬರೆಯಬೇಕಾದ ಟಿಪ್ಪಣಿಯನ್ನೂ ನಾನೇ ಬರೆದೆ. ಹಾರುವ ಸರೀಸೃಪ, ಉದ್ದ ಬಾಲದ ಗುಂಪು, ಕುಲ ಮತ್ತು ಜಾತಿ ಹೇಳಲು ಸಾಧ್ಯವಿಲ್ಲ, ಸಿಕ್ಕ ನಂತರ ತಲೆ ನಾಶವಾಗಿದೆ. ಅಷ್ಟೇ. ಅದಕ್ಕೆ ಹೆಸರಿಲ್ಲ, ನಂಬರ್ ಒಂದಿದೆ. ಅದರ ಬಗ್ಗೆ ನಾನು ಬರೆದ ನಿಜ ಅದೊಂದೇ.

ಹಾಸ್ಟೆಲ್ ರೂಮು ಈ ತಿಂಗಳು ಬಿಡಬೇಕು. ಮನೆಗೆ ಬರಬೇಕು ಅನ್ನಿಸುತ್ತದೆ, ಆದರೆ ನಿನ್ನ ಮುಖ ನೋಡುವುದು ಹೇಗೆ ಅಂತ ತಿಳಿಯುತ್ತಿಲ್ಲ. ಹಲ್ಲಿ ನೋಡಿದ ಹಾಗೆ ನೀನು ನನ್ನನ್ನು ನೋಡಿದರೆ ನನ್ನಿಂದ ತಡೆಯಲು ಆಗುವುದಿಲ್ಲ. ಸ್ವಲ್ಪ ದಿನ ಬೇರೆ ಎಲ್ಲಾದರೂ ಇದ್ದು, ನಿನಗೆ ಅದೆಲ್ಲ ಕಡಿಮೆಯಾದ ಮೇಲೆ ಬರಲೇ?

ಐಮನ್


ಶಿರಾ
19 ಅಕ್ಟೋಬರ್ 2024

ಐಮನ್‌ಗೆ ಅಮ್ಮಿಯ ದುವಾ.

ಕಾಗದ ಬಂತು. ಅಬ್ಬಾಗೆ ಈ ಸಲ ನಾನೇ ಓದಿ ಹೇಳಿದೆ. ಅವರು ಎದ್ದು ಹೋಗಿ ಮೇಲಿನ ನಿನ್ನ ಕೋಣೆಯ ಫ್ಯಾನ್ ರಿಪೇರಿಗೆ ಕೊಟ್ಟು ಬಂದರು.

ನಾನು ಸುಳ್ಳು ಹೇಳುವುದಿಲ್ಲ. ನೀನು ಮಾಡಿದ್ದು ನನಗೆ ಇನ್ನೂ ಹೇಸಿಗೆಯೇ. ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹೋಗದೆಯೂ ಇರಬಹುದು. ಅದು ಹೋಗಲಿ ಅಂತ ನೀನು ಎಲ್ಲೂ ಕಾಯುತ್ತಾ ಕೂರಬೇಡ. ಅದು ಇರುವಾಗಲೇ ಬಾ.

ಅಮ್ಮಿ